ಬ್ಲ್ಯಾಕ್‌ಹೆಡ್ ಉಜ್ಜಿದರೆ ಹೋಗುವಂಥದ್ದಲ್ಲ

ಕನ್ನಡಿಗೆ ತೀರಾ ಹತ್ತಿರ ನಿಂತು ನೋಡಿದರೆ ಯಾರ ಮೂಗಿನ ಮೇಲೂ ಚುಕ್ಕೆಗಳು ಕಾಣುತ್ತವೆ. ಅವುಗಳಲ್ಲಿ ಹೆಚ್ಚಿನವು ಬ್ಲ್ಯಾಕ್‌ಹೆಡ್ ಅಲ್ಲವೇ ಅಲ್ಲ. ಮದ್ದಿನ ಮಾತು ಆಮೇಲೆ, ಮೊದಲು ಇದನ್ನು ಬಗೆಹರಿಸಿಕೊಳ್ಳಬೇಕು. ಇಲ್ಲದ ತೊಂದರೆಗೆ ಆಸಿಡ್ ಹಚ್ಚಿ, ಪಟ್ಟಿ ಅಂಟಿಸಿ ಎಳೆದು, ಚೆನ್ನಾಗಿದ್ದ ಚರ್ಮವನ್ನು ಕೆಂಪು ಮಾಡಿಕೊಳ್ಳುವುದು ತುಂಬ ಸುಲಭ.

ಮೂಗಿನ ತುದಿ ಮತ್ತು ಪಕ್ಕೆಗಳ ಮೇಲೆ ಹೆಚ್ಚುಕಡಿಮೆ ಒಂದೇ ಗಾತ್ರದ, ಒಂದೇ ಅಂತರದ, ಬೂದು ಅಥವಾ ತಿಳಿಹಳದಿ ಚುಕ್ಕೆಗಳಿದ್ದು, ಬೆರಳಾಡಿಸಿದರೆ ಉಬ್ಬು ಸಿಗದಿದ್ದರೆ ಅವು ಸೆಬೇಶಿಯಸ್ ಫಿಲಮೆಂಟ್‌ಗಳು. ಚರ್ಮದ ಜಿಡ್ಡು ಕೂದಲ ಕುಳಿಯ ಗೋಡೆಗುಂಟ ಮೇಲೆ ಬರುವ ದಾರಿಯಲ್ಲಿ ನಿಂತಿರುವ ತೆಳ್ಳನೆಯ ಎಳೆ ಅದು. ಹಿಸುಕಿದರೆ ಬಿಳಿಯದೊಂದು ಮೆತ್ತನೆಯ ಎಳೆ ಹೊರಬರುತ್ತದೆ, ಕೆಲವೇ ವಾರಗಳಲ್ಲಿ ಅದೇ ರಂಧ್ರ ಮತ್ತೆ ತುಂಬಿಕೊಳ್ಳುತ್ತದೆ. ತುಂಬಿಕೊಳ್ಳಲೇಬೇಕು, ಅದು ರೋಗವಲ್ಲ, ಚರ್ಮದ ದಿನನಿತ್ಯದ ಕೆಲಸ. ಮದ್ದಿನಿಂದ ಅದು ಸ್ವಲ್ಪ ಮಸುಕಾಗಬಹುದು, ಅಷ್ಟೇ.

ಬ್ಲ್ಯಾಕ್‌ಹೆಡ್ ಹಾಗಲ್ಲ. ಅದು ಬಿಡಿಬಿಡಿಯಾಗಿರುತ್ತದೆ, ಒಂದು ಚಿಕ್ಕದು, ಪಕ್ಕದ್ದು ದೊಡ್ಡದು. ಬಣ್ಣ ಕಡುಗಂದು ಇಲ್ಲವೇ ಕಪ್ಪು. ಮುಟ್ಟಿದರೆ ಹಲವು ಸಲ ಸಣ್ಣ ಉಬ್ಬು ಕೈಗೆ ಸಿಗುತ್ತದೆ. ಹೊರಬಂದಾಗ ಗಟ್ಟಿ ಬಿರಡೆ, ಮೇಲಿನ ತುದಿ ಮಾತ್ರ ಕಪ್ಪು, ಕೆಳಗೆ ಹಳದಿ. ಮೂಗು, ಗದ್ದ, ಹಣೆ, ಕಿವಿಯ ಒಳಬಟ್ಟಲು, ಬೆನ್ನು, ಎದೆ ಇವು ಅದರ ಜಾಗಗಳು.

ಮೂರನೆಯದೊಂದಿದೆ, ಇದನ್ನು ಗುರುತಿಸುವವರು ಕಡಿಮೆ. ಒಂದೇ ಕುಳಿಯಲ್ಲಿ ಹತ್ತಾರು ನವಿರು ಕೂದಲು ಉದುರದೆ ಕಂತೆಯಾಗಿ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಥೇಟ್ ಬ್ಲ್ಯಾಕ್‌ಹೆಡ್, ಆದರೆ ಮುಟ್ಟಿದರೆ ಸಣ್ಣಗೆ ಚುಚ್ಚುತ್ತದೆ. ಟ್ರೈಕೋಸ್ಟೇಸಿಸ್ ಸ್ಪೈನುಲೋಸಾ ಎನ್ನುವ ಭಾರಿ ಹೆಸರಿದೆ ಇದಕ್ಕೆ. ವೈದ್ಯರು ಡರ್ಮೋಸ್ಕೋಪ್ ಎಂಬ ಚರ್ಮ ನೋಡುವ ಭೂತಗನ್ನಡಿ ಇಟ್ಟು ನೋಡಿದರೆ ಕೂದಲ ಕಂತೆ ಸ್ಪಷ್ಟವಾಗಿ ಕಾಣುತ್ತದೆ. ಮೂರು ತಿಂಗಳು ಶಿಸ್ತಾಗಿ ಮದ್ದು ಹಚ್ಚಿಯೂ ಮೂಗಿನ ಚುಕ್ಕೆ ಕದಲದಿದ್ದರೆ ಇದನ್ನು ಅನುಮಾನಿಸಬೇಕು. ಕೂದಲು ತೆಗೆಯುವ ಲೇಸರ್ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ.

ಕಪ್ಪು ಎಲ್ಲಿಂದ ಬಂತು

ಮುಖದ ಚರ್ಮದಲ್ಲಿ ಚದರ ಸೆಂಟಿಮೀಟರಿಗೆ 400ರಿಂದ 900ರವರೆಗೆ ಜಿಡ್ಡಿನ ಗ್ರಂಥಿಗಳಿರುತ್ತವೆ. ಒಂದೊಂದೂ ಒಂದು ಕೂದಲ ಕುಳಿಗೆ ತೆರೆದುಕೊಂಡಿರುತ್ತದೆ. ಹದಿಹರೆಯದಲ್ಲಿ ಆಂಡ್ರೊಜೆನ್ ಹಾರ್ಮೋನುಗಳು ಏರಿದಾಗ ಗ್ರಂಥಿ ಹಿಗ್ಗಿ ಜಿಡ್ಡು ಹೆಚ್ಚು ಸುರಿಸುತ್ತದೆ. ಜಿಡ್ಡೊಂದೇ ಆಗಿದ್ದರೆ ಅದು ಮೇಲೆ ಹರಿದು ಹೋಗುತ್ತಿತ್ತು. ತೊಡಕು ಇರುವುದು ಕುಳಿಯ ಒಳಗೋಡೆಯಲ್ಲಿ. ಅಲ್ಲಿ ಉದುರಬೇಕಾದ ಸತ್ತ ಕೋಶಗಳು ಒಂದಕ್ಕೊಂದು ಅಂಟಿಕೊಂಡು, ಜಿಡ್ಡಿನಲ್ಲಿ ಕಲಸಿಕೊಂಡು, ಪದರದ ಮೇಲೆ ಪದರವಾಗಿ ಬಿರಡೆ ಕಟ್ಟುತ್ತವೆ. ಬಾಯಿ ಮುಚ್ಚಿದ್ದರೆ ವೈಟ್‌ಹೆಡ್, ತೆರೆದಿದ್ದರೆ ಬ್ಲ್ಯಾಕ್‌ಹೆಡ್.

ಬಾಯಿ ತೆರೆದ ಬಿರಡೆಗೆ ಗಾಳಿ ತಾಗುತ್ತದೆ. ಜಿಡ್ಡಿನ ಸ್ಕ್ವಾಲೀನ್‌ನಂಥ ಕೊಬ್ಬುಗಳು ಉತ್ಕರ್ಷಣಗೊಳ್ಳುತ್ತವೆ, ಸತ್ತ ಕೋಶಗಳಲ್ಲಿರುವ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಸೇರಿ ತುದಿ ಕಪ್ಪಾಗುತ್ತದೆ. ಕೊಳೆಯ ಪಾತ್ರ ಇದರಲ್ಲಿಲ್ಲ. ಮುಖ ತೊಳೆಯುವುದಿಲ್ಲ ಎಂದು ಮಕ್ಕಳನ್ನು ಬೈಯುವವರು ಇದನ್ನು ತಿಳಿದಿರಬೇಕು. ಬಿರಡೆ ಕುಳಿಯೊಳಗೆ ಇಳಿದಿರುತ್ತದೆ, ಸಾಬೂನಿನ ನೊರೆ ಇರುವುದು ಮೇಲೆ.

ಕಣ್ಣಿಗೆ ಕಾಣುವ ಬ್ಲ್ಯಾಕ್‌ಹೆಡ್ ಆಗುವ ಮುಂಚೆ ಅದು ಮೈಕ್ರೊಕೊಮೆಡೋನ್ ಆಗಿ, ಅಂದರೆ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಬಿರಡೆಯಾಗಿ, ವಾರಗಟ್ಟಲೆ ಬೆಳೆದಿರುತ್ತದೆ. ಸುಮಾರು 8 ವಾರ ಎಂದಿಟ್ಟುಕೊಳ್ಳಿ. ಚಿಕಿತ್ಸೆಯ ಲೆಕ್ಕಾಚಾರವೆಲ್ಲ ಈ ಅಂಕಿಯ ಮೇಲೇ ನಿಂತಿದೆ. ಇಂದು ಮದ್ದು ಶುರು ಮಾಡಿದರೆ, ಮುಂದಿನ ಒಂದೂವರೆ-ಎರಡು ತಿಂಗಳಲ್ಲಿ ಕಾಣಿಸಿಕೊಳ್ಳಲಿರುವ ಬಿರಡೆಗಳು ಆಗಲೇ ಒಳಗೆ ತಯಾರಾಗಿ ಕೂತಿರುತ್ತವೆ. ಎರಡು ವಾರದಲ್ಲಿ ಫಲ ಸಿಗಲಿಲ್ಲವೆಂದು ಟ್ಯೂಬು ಬದಲಿಸುವವರಿಗೆ ಯಾವ ಟ್ಯೂಬೂ ಕೆಲಸ ಮಾಡುವುದಿಲ್ಲ. ಲೆಕ್ಕ ಹಾಕುವುದಾದರೆ 12 ವಾರದ ಕೊನೆಗೆ ಹಾಕಿ.

ಸ್ಯಾಲಿಸಿಲಿಕ್ ಆಸಿಡ್

ಚೀಟಿಯಿಲ್ಲದೆ ಸಿಗುವ ಮದ್ದುಗಳಲ್ಲಿ ಮೊದಲು ಕೈ ಹಾಕಬೇಕಾದದ್ದು ಇದು. 0.5ರಿಂದ 2% ಸಾಂದ್ರತೆಯಲ್ಲಿ ಬರುತ್ತದೆ. ಇದು ಕೊಬ್ಬಿನಲ್ಲಿ ಕರಗುವ ಆಮ್ಲ, ಹಾಗಾಗಿ ಜಿಡ್ಡು ತುಂಬಿದ ಕುಳಿಯೊಳಗೆ ಇಳಿದು ಕೋಶಗಳ ಅಂಟು ಬಿಡಿಸುತ್ತದೆ. ಗ್ಲೈಕೋಲಿಕ್ ಆಸಿಡ್ ನೀರಿನಲ್ಲಿ ಕರಗುವಂಥದ್ದು, ಮೇಲ್ಪದರಕ್ಕೆ ಒಳ್ಳೆಯದು, ಕುಳಿಯ ವಿಷಯಕ್ಕೆ ಸ್ಯಾಲಿಸಿಲಿಕ್ಕೇ ವಾಸಿ.

ಫೇಸ್‌ವಾಶ್ ರೂಪದಲ್ಲಿ ಕೊಂಡರೆ ಹಚ್ಚಿದ ಕೂಡಲೇ ತೊಳೆದುಬಿಡಬೇಡಿ, ಒಂದೆರಡು ನಿಮಿಷ ಬಿಡಿ. ಆದರೂ ಹಚ್ಚಿ ಹಾಗೆಯೇ ಬಿಡುವ ಲೋಶನ್ ಅಥವಾ ಸೀರಮ್‌ನಷ್ಟು ಕೆಲಸ ಅದರಿಂದ ಆಗದು. ಬಿಡುವ ರೂಪದ್ದು ಕೊಳ್ಳುವಾಗ 2% ಎಂಬ ಅಂಕಿಯ ಜೊತೆ ಪಿಎಚ್ (ಹುಳಿತನದ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಕೊಟ್ಟಿದ್ದರೆ ನೋಡಿ, 3ರಿಂದ 4ರ ನಡುವೆ ಇರಬೇಕು. ಪಿಎಚ್ ಮೇಲೇರಿದಷ್ಟೂ ಆಮ್ಲದ ಹೆಚ್ಚಿನ ಪಾಲು ಲವಣವಾಗಿ ಕುಳಿತು ಚರ್ಮದೊಳಗೆ ಇಳಿಯುವುದಿಲ್ಲ.

ಹಚ್ಚುವ ಕ್ರಮ ಸರಳ. ರಾತ್ರಿ ಮುಖ ತೊಳೆದು, ಒರೆಸಿ, ಒಣಗಿದ ಚರ್ಮಕ್ಕೆ ಬ್ಲ್ಯಾಕ್‌ಹೆಡ್ ಇರುವ ಭಾಗದ ತುಂಬ ತೆಳುವಾಗಿ ಸವರುವುದು, ಮೇಲೆ ಮಾಯಿಶ್ಚರೈಸರ್. ಮೊದಲ ಎರಡು ವಾರ ವಾರಕ್ಕೆ ಮೂರು ರಾತ್ರಿ, ಉರಿ-ಸಿಪ್ಪೆ ಇಲ್ಲದಿದ್ದರೆ ದಿನವೂ. ಚುಕ್ಕೆಯ ಮೇಲಷ್ಟೇ ಇಡುವುದರಿಂದ ಪ್ರಯೋಜನ ಕಡಿಮೆ, ಕಾಣದ ಬಿರಡೆಗಳು ಅದರ ಸುತ್ತಲೇ ಇರುತ್ತವೆ. ಆಸ್ಪಿರಿನ್ ಅಲರ್ಜಿ ಇರುವವರು ಇದನ್ನು ಮುಟ್ಟದಿರುವುದು ಲೇಸು. ಬೆನ್ನು, ಎದೆ, ಕೈಕಾಲು ಎಂದು ದೊಡ್ಡ ಪ್ರದೇಶಕ್ಕೆಲ್ಲ ಒಟ್ಟಿಗೇ ಬಳಿಯುವುದೂ ಬೇಡ, ಚರ್ಮದ ಮೂಲಕ ರಕ್ತಕ್ಕೆ ಸೇರುವ ಪ್ರಮಾಣ ಹೆಚ್ಚುತ್ತದೆ. ಮಕ್ಕಳಲ್ಲಂತೂ ಬೇಡವೇ ಬೇಡ.

20ರಿಂದ 30% ಸ್ಯಾಲಿಸಿಲಿಕ್ ಪೀಲ್ ಎನ್ನುವುದು ವೈದ್ಯರ ಕೈಯಲ್ಲಿರಬೇಕಾದ ವಸ್ತು. ಆನ್‌ಲೈನಿನಲ್ಲಿ ಬಾಟಲಿ ಸಿಗುತ್ತದೆಂದು ಮನೆಯಲ್ಲಿ ಬಳಿದುಕೊಂಡರೆ ಸುಟ್ಟ ಕಲೆ ಉಳಿಯುತ್ತದೆ. ಕಂದು ಚರ್ಮದವರಲ್ಲಿ ಆ ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ನಿಜವಾದ ಕೆಲಸಗಾರ: ರೆಟಿನಾಯ್ಡ್

ಬಿರಡೆ ಕಟ್ಟುವುದನ್ನೇ ನಿಲ್ಲಿಸುವ ಮದ್ದು ರೆಟಿನಾಯ್ಡ್. ವಿಟಮಿನ್ ಎ ಬಳಗದ್ದು. ಈ ಬಳಗದ ಟ್ರೆಟಿನೋಯಿನ್ ಮೊಡವೆಗೆ ಕೆಲಸ ಮಾಡುತ್ತದೆಂದು ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೂ ಬ್ಲ್ಯಾಕ್‌ಹೆಡ್-ವೈಟ್‌ಹೆಡ್ ಹೆಚ್ಚಿರುವವರಿಗೆ ಚರ್ಮವೈದ್ಯರು ಮೊದಲು ಬರೆಯುವುದು ಈ ಗುಂಪಿನ ಮದ್ದನ್ನೇ. ಕುಳಿಯ ಗೋಡೆಯ ಕೋಶಗಳು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಉದುರುವಂತೆ ಮಾಡುವುದು ಇದರ ಕೆಲಸ. ಇರುವ ಬಿರಡೆ ಸಡಿಲವಾಗುತ್ತದೆ, ಹೊಸದು ಕಟ್ಟುವುದಿಲ್ಲ.

ಮನೆಯಲ್ಲಿ ಶುರು ಮಾಡುವವರಿಗೆ ಅಡಾಪಲೀನ್ 0.1% ಜೆಲ್ ಸೂಕ್ತ. ಟ್ರೆಟಿನೋಯಿನ್‌ಗಿಂತ ಉರಿ ಕಡಿಮೆ. ಬೆಳಕಿಗೂ, ಬೆಂಜಾಯ್ಲ್ ಪೆರಾಕ್ಸೈಡ್ ಎಂಬ ಮೊಡವೆ ಮದ್ದಿಗೂ ಕೆಡುವುದಿಲ್ಲ, ಟ್ರೆಟಿನೋಯಿನ್ ಎರಡಕ್ಕೂ ಕೆಡುತ್ತದೆ. ಅಮೆರಿಕದಲ್ಲಿ 2016ರಿಂದ ಇದನ್ನು ಚೀಟಿಯಿಲ್ಲದೆ ಮಾರುತ್ತಾರೆ. ಎಲ್ಲ ದೇಶಗಳಲ್ಲಿ ಹಾಗಿಲ್ಲ, ಚೀಟಿ ಬೇಕೆಂದರೆ ಬರೆಸಿಕೊಳ್ಳಿ. ಸೌಂದರ್ಯವರ್ಧಕಗಳಲ್ಲಿ ಬರುವ ರೆಟಿನಾಲ್ ಇದೇ ಬಳಗದ ದುರ್ಬಲ ಸದಸ್ಯ. ಚರ್ಮದೊಳಗೆ ಎರಡು ಹಂತ ಬದಲಾಗಿ ರೆಟಿನೋಯಿಕ್ ಆಮ್ಲವಾದ ಮೇಲೆ ಅದು ಕೆಲಸ ಮಾಡಬೇಕು. ಬ್ಲ್ಯಾಕ್‌ಹೆಡ್ಡೇ ಗುರಿಯಾದರೆ ದುಬಾರಿ ರೆಟಿನಾಲ್ ಬಾಟಲಿಗಿಂತ ಸಾದಾ ಅಡಾಪಲೀನ್ ಟ್ಯೂಬು ಮೇಲು.

ಹಚ್ಚುವುದರಲ್ಲೇ ಎಲ್ಲರೂ ಎಡವುವುದು. ಹಾಗಾಗಿ ಸ್ವಲ್ಪ ವಿವರವಾಗಿ:

ರಾತ್ರಿ ಮೆದು ಫೇಸ್‌ವಾಶ್‌ನಿಂದ ಮುಖ ತೊಳೆದು ಒರೆಸಿ. 20 ನಿಮಿಷ ಕಾಯಿರಿ. ಒದ್ದೆ ಚರ್ಮಕ್ಕೆ ಹಚ್ಚಿದರೆ ಮದ್ದು ಹೆಚ್ಚು ಇಳಿದು ಉರಿ ಜಾಸ್ತಿ. ಮೂಗಿನ ಪಕ್ಕದ ಮಡಿಕೆ, ತುಟಿಯ ಮೂಲೆ, ಕಣ್ಣಿನ ಮೂಲೆಗೆ ಮೊದಲೇ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ, ಮದ್ದು ಜಾರಿ ಶೇಖರವಾಗುವುದು ಅಲ್ಲಿಯೇ, ಬಿರಿಯುವುದೂ ಅಲ್ಲಿಯೇ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಜೆಲ್ ಸಾಕು. ಅದನ್ನು ಹಣೆ, ಎರಡು ಕೆನ್ನೆ, ಮೂಗು, ಗದ್ದಕ್ಕೆ ಐದು ಚುಕ್ಕೆಯಾಗಿ ಇಟ್ಟು ಹರಡಿ. ಇನ್ನೊಂದು ಕಾಳು ಹೆಚ್ಚಿಗೆ ಹಚ್ಚಿದರೆ ಬೇಗ ವಾಸಿಯಾಗುವುದಿಲ್ಲ, ಬೇಗ ಸಿಪ್ಪೆ ಏಳುತ್ತದೆ. ಮೇಲೆ ಮಾಯಿಶ್ಚರೈಸರ್ ಹಚ್ಚಿ ಮಲಗಿ.

ಮೊದಲ ಎರಡು ವಾರ ವಾರಕ್ಕೆ ಎರಡು ರಾತ್ರಿ. ಮುಂದಿನ ಎರಡು ವಾರ ರಾತ್ರಿ ಬಿಟ್ಟು ರಾತ್ರಿ. ಚರ್ಮ ಒಪ್ಪಿಕೊಂಡರೆ ಆಮೇಲೆ ದಿನವೂ. ತೀರಾ ಸೂಕ್ಷ್ಮ ಚರ್ಮದವರು ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಮದ್ದು, ಮತ್ತೆ ಮಾಯಿಶ್ಚರೈಸರ್ ಹಚ್ಚಬಹುದು. ಇಲ್ಲವೇ ಅರ್ಧ ಗಂಟೆ ಇಟ್ಟು ತೊಳೆಯಬಹುದು. ದಿನವೂ ಹಚ್ಚಲೇಬೇಕೆಂಬ ಹಟ ಬೇಡ. ವಾರಕ್ಕೆ ನಾಲ್ಕು ರಾತ್ರಿ ಹಚ್ಚಿ ಒಂದು ವರ್ಷ ನಡೆಸಿದವರ ಚರ್ಮ, ದಿನವೂ ಹಚ್ಚಿ ಮೂರನೇ ವಾರಕ್ಕೆ ಬಿಟ್ಟವರದಕ್ಕಿಂತ ಚೆನ್ನಾಗಿರುತ್ತದೆ.

ಎರಡರಿಂದ ನಾಲ್ಕನೇ ವಾರದ ತನಕ ಒಣಗುವುದು, ತುಸು ಕೆಂಪಾಗುವುದು, ನವಿರಾಗಿ ಸಿಪ್ಪೆ ಏಳುವುದು ಇದ್ದದ್ದೇ. ಕೆಲವರಿಗೆ ಮೊಡವೆಯೂ ಹೆಚ್ಚಾದಂತೆ ಕಾಣುತ್ತದೆ. ಮೊದಲೇ ಮೊಡವೆ ಏಳುತ್ತಿದ್ದ ಜಾಗಗಳಲ್ಲೇ ಎದ್ದು ಬೇಗ ಒಣಗಿದರೆ ಒಳಗಿದ್ದ ಬಿರಡೆಗಳು ಹೊರಬರುತ್ತಿವೆ ಎಂದು ತಿಳಿದು ಮುಂದುವರಿಸಬಹುದು. ಎಂದೂ ಮೊಡವೆ ಬಾರದ ಜಾಗದಲ್ಲಿ ಒಂದೇ ಥರದ ಸಣ್ಣ ಗುಳ್ಳೆ, ಉರಿ, ತುರಿಕೆ, ನೀರು ಸೋಕಿದರೂ ಚುರುಚುರು ಎಂದರೆ ಅದು ಚರ್ಮ ಕೆರಳಿರುವ ಲಕ್ಷಣ. ಎಲ್ಲ ಮದ್ದು ನಿಲ್ಲಿಸಿ, ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಇಷ್ಟರಲ್ಲೇ ಒಂದು ವಾರ ಕಳೆದು, ವಾರಕ್ಕೆ ಎರಡರಂತೆ ಮತ್ತೆ ಆರಂಭಿಸಿ.

ಇನ್ನೆರಡು ಮಾತು. ರೆಟಿನಾಯ್ಡ್ ಹಚ್ಚುವ ಮುಖಕ್ಕೆ ವ್ಯಾಕ್ಸಿಂಗ್ ಮಾಡಿಸಿದರೆ ಚರ್ಮವೇ ಕಿತ್ತು ಬರಬಹುದು, ಒಂದು ವಾರ ಮೊದಲೇ ಮದ್ದು ನಿಲ್ಲಿಸಿ. ಬಸುರಿಯರು, ಬಸಿರಿಗೆ ಯೋಚಿಸುತ್ತಿರುವವರು ರೆಟಿನಾಯ್ಡ್ ಹಚ್ಚಬಾರದು. ಅವರಿಗೆ ಅಜೆಲಾಯಿಕ್ ಆಸಿಡ್ ಇದೆ, 15 ಅಥವಾ 20%, ದಿನಕ್ಕೆ ಎರಡು ಸಲ. ಹಚ್ಚಿದ ಕೆಲ ನಿಮಿಷ ತುರಿಸುತ್ತದೆ, ಆದರೆ ಮೊಡವೆ ಬಿಟ್ಟುಹೋದ ಕಂದು ಕಲೆಯನ್ನೂ ತಿಳಿಯಾಗಿಸುತ್ತದೆ. ಕಲೆ ಬೇಗ ಉಳಿಯುವ ಚರ್ಮದವರು ಬಸುರಿಯಲ್ಲದಿದ್ದರೂ ಇದನ್ನು ನೆನಪಿಟ್ಟುಕೊಳ್ಳಬಹುದು.

ಸ್ಯಾಲಿಸಿಲಿಕ್ ಮತ್ತು ಅಡಾಪಲೀನ್ ಎರಡನ್ನೂ ಒಂದೇ ವಾರದಲ್ಲಿ ಶುರು ಮಾಡುವುದು ಬಲು ಸಾಮಾನ್ಯವಾದ ಎಡವಟ್ಟು. ಕೆಂಪಾದರೆ ಯಾವುದರಿಂದ ಆಯಿತೆಂದೇ ಗೊತ್ತಾಗುವುದಿಲ್ಲ. ಅಡಾಪಲೀನ್ ಮೈಗೆ ಹೊಂದಿದ ಮೇಲೆ, ಅಂದರೆ ಎರಡು ತಿಂಗಳ ನಂತರ, ಬೆಳಿಗ್ಗೆ ಸ್ಯಾಲಿಸಿಲಿಕ್ ಫೇಸ್‌ವಾಶನ್ನು ವಾರಕ್ಕೆ ಎರಡು ಮೂರು ಸಲ ಸೇರಿಸಬಹುದು. ಬೆಂಜಾಯ್ಲ್ ಪೆರಾಕ್ಸೈಡ್ ಕೆಂಪು ಮೊಡವೆಗೆ ಒಳ್ಳೆಯ ಮದ್ದು, ಬರೀ ಬ್ಲ್ಯಾಕ್‌ಹೆಡ್ ಇದ್ದವರಿಗೆ ಅಷ್ಟು ಅಗತ್ಯವಿಲ್ಲ. ಟವೆಲು, ದಿಂಬಿನ ಕವರಿನ ಬಣ್ಣವನ್ನಂತೂ ತಪ್ಪದೆ ತೆಗೆಯುತ್ತದೆ.

ಹಿಸುಕಲೇಬೇಕು ಎನ್ನುವವರಿಗೆ

ಹಿಸುಕಬೇಡಿ ಎಂದು ಹೇಳಿ ಸುಮ್ಮನಾಗಬಹುದು, ಆದರೆ ಕೇಳುವವರು ಕಡಿಮೆ. ಹಿಸುಕಿದಾಗ ಒಳಗೆ ಏನಾಗುತ್ತದೆಂದು ತಿಳಿದರೆ ಕೈ ತಾನಾಗಿಯೇ ಹಿಂದೆ ಸರಿದೀತು. ಕುಳಿಯ ಗೋಡೆ ಬಹಳ ತೆಳು. ಉಗುರಿನ ಒತ್ತಡ ಅಡ್ಡಡ್ಡ ಬಿದ್ದಾಗ ಬಿರಡೆಯ ಒಂದು ಪಾಲು ಮೇಲೆ ಬಂದರೆ ಇನ್ನೊಂದು ಪಾಲು ಗೋಡೆ ಒಡೆದು ಒಳಚರ್ಮಕ್ಕೆ ನುಗ್ಗುತ್ತದೆ. ದೇಹ ಅದನ್ನು ಹೊರಗಿನ ವಸ್ತುವೆಂದು ಭಾವಿಸಿ ಊದಿಸುತ್ತದೆ. ನಿನ್ನೆಯ ನಿರುಪದ್ರವಿ ಕಪ್ಪು ಚುಕ್ಕೆ ಇವತ್ತು ಕೆಂಪು ಗಡ್ಡೆ, ಮುಂದಿನ ವಾರ ಕಂದು ಕಲೆ. ಮೂಗಿನ ಪಕ್ಕದಲ್ಲಿ ಪದೇಪದೇ ಹಿಸುಕುವವರಿಗೆ ನವಿರಾದ ರಕ್ತನಾಳಗಳು ಹಿಗ್ಗಿ ಕೆಂಪು ಗೆರೆಗಳಾಗಿ ನಿಲ್ಲುವುದೂ ಉಂಟು. ಮೂಗಿನ ಬುಡದಿಂದ ತುಟಿಯ ಎರಡು ಮೂಲೆಗಳವರೆಗಿನ ತ್ರಿಕೋನದ ರಕ್ತನಾಳಗಳು ತಲೆಬುರುಡೆಯೊಳಗಿನ ನಾಳಗಳೊಡನೆ ಸಂಪರ್ಕದಲ್ಲಿವೆ. ಅಲ್ಲಿನ ಸೋಂಕು ಒಳಗೆ ಹರಡುವುದು ಅಪರೂಪ, ಹರಡಿದರೆ ಮಾತ್ರ ಅಪಾಯ. ಕೀವು ತುಂಬಿದ್ದನ್ನು ಆ ಜಾಗದಲ್ಲಿ ಮುಟ್ಟಲೇಬೇಡಿ.

ಇಷ್ಟಾದ ಮೇಲೂ ತೆಗೆಯುವುದಾದರೆ, ನಾಲ್ಕಾರು ವಾರ ರೆಟಿನಾಯ್ಡ್ ಹಚ್ಚಿ ಬಿರಡೆ ಸಡಿಲವಾದ ಮೇಲೆ ತೆಗೆಯಿರಿ. ಬಾಯಿ ತೆರೆದ, ಕಪ್ಪು ತುದಿ ಚೆನ್ನಾಗಿ ಕಾಣುವ, ಸುತ್ತ ಕೆಂಪಿಲ್ಲದ ಬ್ಲ್ಯಾಕ್‌ಹೆಡ್ ಮಾತ್ರ. ವೈಟ್‌ಹೆಡ್‌ಗೆ ಬಾಯಿಯೇ ಇಲ್ಲ, ವೈದ್ಯರು ಸೂಜಿಯಿಂದ ಬಾಯಿ ಮಾಡಿ ತೆಗೆಯಬೇಕು.

ಸ್ನಾನವಾದ ಕೂಡಲೇ, ಇಲ್ಲವೇ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು 5ರಿಂದ 10 ನಿಮಿಷ ಇಟ್ಟು ಚರ್ಮ ಮೆತ್ತಗಾದಾಗ ಕೆಲಸ ಸುಲಭ. ಆವಿ ಹಿಡಿದರೆ ರಂಧ್ರ ತೆರೆದುಕೊಳ್ಳುತ್ತದೆ ಎನ್ನುವುದು ಬರೀ ಮಾತು. ರಂಧ್ರಕ್ಕೆ ತೆರೆದು ಮುಚ್ಚುವ ಸ್ನಾಯುವಿಲ್ಲ. ಬಿಸಿಗೆ ಬಿರಡೆ ಮೆತ್ತಗಾಗುತ್ತದೆ, ಅಷ್ಟೇ. ಅದಕ್ಕಾಗಿ ಕುದಿಯುವ ಪಾತ್ರೆಯ ಮೇಲೆ ಬಗ್ಗಿ ಮುಖ ಸುಟ್ಟುಕೊಳ್ಳುವ ಅಗತ್ಯವಿಲ್ಲ. ಕೈ ತೊಳೆದು, ತುದಿಯಲ್ಲಿ ಸಣ್ಣ ಬಳೆಯಿರುವ ಎಕ್ಸ್‌ಟ್ರ್ಯಾಕ್ಟರನ್ನು 70% ಆಲ್ಕೋಹಾಲಿನಲ್ಲಿ ಒರೆಸಿ ಒಣಗಲು ಬಿಡಿ. ಬಳೆಯ ನಡುವೆ ಚುಕ್ಕೆ ಬರುವಂತಿಟ್ಟು ನೇರ ಕೆಳಗೆ ಮೆಲ್ಲಗೆ ಒತ್ತಿ. ಬರದಿದ್ದರೆ ಕೋನ ತುಸು ಬದಲಿಸಿ ಇನ್ನೊಮ್ಮೆ. ಎರಡು ಮೂರು ಸಲಕ್ಕೂ ಬರದಿದ್ದರೆ ಅದು ಇನ್ನೂ ತಯಾರಾಗಿಲ್ಲ, ಬಿಟ್ಟುಬಿಡಿ. ರಕ್ತವೋ ತಿಳಿನೀರೋ ಕಂಡರೆ ಅಲ್ಲಿಗೇ ನಿಲ್ಲಿಸಿ. ಮುಗಿದ ಮೇಲೆ ತಣ್ಣೀರಿನಲ್ಲಿ ತೊಳೆದು ಸಾದಾ ಮಾಯಿಶ್ಚರೈಸರ್. ಆ ರಾತ್ರಿ ಆಸಿಡ್ಡೂ ಬೇಡ, ರೆಟಿನಾಯ್ಡೂ ಬೇಡ. ತೆಗೆದ ಕುಳಿ ಮತ್ತೆ ತುಂಬದಿರಬೇಕಾದರೆ ಮಾರನೆಯ ರಾತ್ರಿಯಿಂದ ಮದ್ದು ಎಂದಿನಂತೆ ಮುಂದುವರಿಯಬೇಕು. ತೆಗೆಯುವುದು ಇವತ್ತಿನ ಬಿರಡೆಯನ್ನಷ್ಟೇ ಕಳೆಯುತ್ತದೆ.

ಮೂಗಿನ ಪಟ್ಟಿಗಳ ವಿಷಯ. ಎಳೆದಾಗ ಪಟ್ಟಿಯ ಮೇಲೆ ಕಾಣುವ ಮುಳ್ಳಿನಂಥ ಸಾಲು ನೋಡಿ ಖುಷಿಯಾಗುತ್ತದೆ. ಅದರಲ್ಲಿ ಹೆಚ್ಚಿನದು ಫಿಲಮೆಂಟ್, ಬ್ಲ್ಯಾಕ್‌ಹೆಡ್‌ನ ಮೇಲ್ತುದಿ ಮತ್ತು ನವಿರು ಕೂದಲು. ಬೇರು ಅಲ್ಲೇ ಉಳಿದಿರುತ್ತದೆ. ಯಾವಾಗಲೋ ಒಮ್ಮೆ ಹಾಕಿದರೆ ತೊಂದರೆಯೇನಿಲ್ಲ, ಆದರೆ ರೆಟಿನಾಯ್ಡ್ ಹಚ್ಚುವವರು ಮುಟ್ಟಬಾರದು, ಮೇಲ್ಚರ್ಮ ಪಟ್ಟಿಯ ಜೊತೆಗೇ ಎದ್ದು ಬರುತ್ತದೆ. ಹೀರುವ ಯಂತ್ರಗಳು ಜೋರಿನಲ್ಲಿಟ್ಟರೆ ಚರ್ಮದಡಿ ರಕ್ತ ಹೆಪ್ಪುಗಟ್ಟಿಸುತ್ತವೆ. ಹರಳು ಹರಳಾದ ಸ್ಕ್ರಬ್ ಚರ್ಮವನ್ನು ಗೀರುತ್ತದೆ, ಬಿರಡೆಯ ಬುಡಕ್ಕೆ ತಲುಪುವುದಿಲ್ಲ. ನಿಂಬೆರಸದ ಪಿಎಚ್ 2ರ ಆಸುಪಾಸು, ಸುಡುತ್ತದೆ. ಬಿಸಿಲೂ ಸೇರಿದರೆ ಬೊಬ್ಬೆ ಎದ್ದು ಕಪ್ಪು ಕಲೆ ಕೂರುತ್ತದೆ. ಅಡುಗೆ ಸೋಡಾ ಅದಕ್ಕೆ ವಿರುದ್ಧ ದಿಕ್ಕಿನ ತಪ್ಪು, ಚರ್ಮದ ಸಹಜ ಹುಳಿತನವನ್ನೇ ಕೆಡಿಸುತ್ತದೆ. ಟೂತ್‌ಪೇಸ್ಟ್ ಹಲ್ಲಿಗೆ. ಜೇಡಿಮಣ್ಣಿನ ಮಾಸ್ಕ್ ಒಂದಕ್ಕೆ ಅಡ್ಡಿಯಿಲ್ಲ. ವಾರಕ್ಕೊಮ್ಮೆ ಹತ್ತು ನಿಮಿಷ ಹಚ್ಚಿ, ಒಣಗಿ ಬಿರಿಯುವ ಮುಂಚೆ ತೊಳೆದರೆ ಮೇಲಿನ ಜಿಡ್ಡು ಹೀರಿ ಒಂದೆರಡು ದಿನ ಮುಖ ತಿಳಿಯಾಗಿ ಕಾಣುತ್ತದೆ. ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬಾರದು.

ಬರದಂತೆ

ಮುಖ ತೊಳೆಯುವುದು ದಿನಕ್ಕೆ ಎರಡು ಸಲ, ಬೆವರು ಸುರಿದ ಮೇಲೆ ಇನ್ನೊಂದು ಸಲ. ನೀರು ಉಗುರುಬೆಚ್ಚಗೆ. ಚರ್ಮದ ಪಿಎಚ್ 5ರ ಅಕ್ಕಪಕ್ಕ, ಸಾದಾ ಸಾಬೂನಿನದು 9-10. ಪಿಎಚ್ 5.5ರ ಸುಮಾರಿಗಿರುವ, ಸಾಬೂನು ಬೆರೆಸದ ಫೇಸ್‌ವಾಶ್ ಆರಿಸಿಕೊಳ್ಳಿ. ತೊಳೆದ ಮೇಲೆ ಚರ್ಮ ಕಿರ್ ಎನ್ನುವಂತಿರಬೇಕು ಎನ್ನುವವರಿದ್ದಾರೆ. ಕಿರ್ ಎಂದರೆ ಚರ್ಮದ ರಕ್ಷಣಾ ಪದರವನ್ನೂ ತೊಳೆದುಹಾಕಿದಿರಿ ಎಂದೇ ಅರ್ಥ. ಆಮೇಲೆ ಯಾವ ಮದ್ದು ಹಚ್ಚಿದರೂ ಉರಿಯುತ್ತದೆ. ಮೇಕಪ್ ಅಥವಾ ನೀರಿಗೆ ಜಗ್ಗದ ಸನ್‌ಸ್ಕ್ರೀನ್ ಹಚ್ಚಿದ ದಿನ ಮೊದಲು ಕ್ಲೆನ್ಸಿಂಗ್ ಆಯಿಲ್ ಅಥವಾ ಮೈಸೆಲ್ಲಾರ್ ವಾಟರ್, ಆಮೇಲೆ ಫೇಸ್‌ವಾಶ್.

ತಲೆಗೆ ಹಚ್ಚುವ ಎಣ್ಣೆ, ಕ್ರೀಮು, ಪೊಮೇಡುಗಳು (ಕೂದಲು ಕೂರಿಸುವ ಜಿಡ್ಡು ಮುಲಾಮುಗಳು) ಹಣೆಗೆ ಇಳಿಯುತ್ತವೆ. ಹಣೆಯ ಮೇಲ್ಭಾಗ, ಕಪಾಲದ ಬದಿಗಳಲ್ಲಿ ಮಾತ್ರ ಒತ್ತೊತ್ತಾಗಿ ಸಣ್ಣ ಬಿರಡೆಗಳಿದ್ದರೆ ಮುಖದ ಮದ್ದಿಗೆ ಮುಂಚೆ ತಲೆಯ ಎಣ್ಣೆಯನ್ನು ನೋಡಿ. ಪೊಮೇಡ್ ಆ್ಯಕ್ನೆ ಎಂದು 1970ರಲ್ಲೇ ವೈದ್ಯರು ಇದನ್ನು ವರ್ಣಿಸಿದ್ದಾರೆ. ಎಣ್ಣೆ ಬಿಡಲಾಗದಿದ್ದರೆ ಕೂದಲ ತುದಿಗಷ್ಟೇ ಹಚ್ಚಿ, ಹಣೆಯಿಂದ ಒಂದೆರಡು ಇಂಚು ದೂರವಿಡಿ, ರಾತ್ರಿಯಿಡೀ ಬಿಡದೆ ತಲೆಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಚ್ಚಿ ತೊಳೆಯಿರಿ. ಸ್ನಾನದಲ್ಲಿ ಕಂಡೀಶನರ್ ತೊಳೆದಾದ ಮೇಲೆ ಬೆನ್ನು ತೊಳೆಯುವ ಕ್ರಮವಿಟ್ಟುಕೊಂಡರೆ ಬೆನ್ನಿನ ಬಿರಡೆಗಳೂ ಕಡಿಮೆಯಾಗುತ್ತವೆ.

ಕ್ರೀಮಿನ ಡಬ್ಬಿಯ ಮೇಲಿನ ನಾನ್‌ಕೊಮೆಡೊಜೆನಿಕ್ (ಬಿರಡೆ ಕಟ್ಟಿಸದು) ಎಂಬ ಮಾತಿಗೆ ಇಡಿಯಾಗಿ ಒರಗಬೇಡಿ. ಅದಕ್ಕೆ ಎಲ್ಲರೂ ಒಪ್ಪಿದ ಪರೀಕ್ಷೆಯಿಲ್ಲ. ಇಂಥ ಪಟ್ಟಿಗಳ ಮೂಲದಲ್ಲಿರುವುದು ಮೊಲದ ಕಿವಿಗೆ ಒಂದೊಂದೇ ಪದಾರ್ಥ ಹಚ್ಚಿ ನೋಡಿದ ಪ್ರಯೋಗಗಳು. ಮೊಲದ ಕಿವಿ ಮನುಷ್ಯರ ಮುಖಕ್ಕಿಂತ ಬೇಗ ಬಿರಡೆ ಕಟ್ಟುತ್ತದೆ, ಮೇಲಾಗಿ ಕ್ರೀಮಿನಲ್ಲಿ ಆ ಪದಾರ್ಥ ಎಷ್ಟಿದೆ ಎನ್ನುವುದೂ ಮುಖ್ಯ. ಹಾಗಿದ್ದರೂ ಕೊಕೊ ಬಟರ್, ತೆಂಗಿನೆಣ್ಣೆ, ಐಸೊಪ್ರೊಪೈಲ್ ಮಿರಿಸ್ಟೇಟ್, ಐಸೊಪ್ರೊಪೈಲ್ ಪಾಲ್ಮಿಟೇಟ್ ಇವು ಪದಾರ್ಥಪಟ್ಟಿಯ ಮೊದಲ ಸಾಲಿನಲ್ಲೇ ಇದ್ದರೆ ಬ್ಲ್ಯಾಕ್‌ಹೆಡ್ ಆಗುವವರು ಬೇರೆ ಡಬ್ಬಿ ನೋಡುವುದು ಒಳಿತು. ಜೆಲ್ ಅಥವಾ ತೆಳು ಲೋಶನ್ ರೂಪ ಹೆಚ್ಚಿನವರಿಗೆ ಹೊಂದುತ್ತದೆ. ಹೊಸದೊಂದು ಡಬ್ಬಿ ತಂದರೆ ಕೆಲವು ವಾರ ಬೇರೇನನ್ನೂ ಬದಲಿಸದೆ ಅದೊಂದನ್ನೇ ಬಳಸಿ ನೋಡಿ. ಬಿರಡೆ ನಿಧಾನಕ್ಕೆ ಕಟ್ಟುವುದರಿಂದ ಡಬ್ಬಿಯ ಗುಣ ನಾಲ್ಕು ದಿನದಲ್ಲಿ ಗೊತ್ತಾಗುವುದಿಲ್ಲ.

ಜಿಡ್ಡು ಚರ್ಮಕ್ಕೆ ಮಾಯಿಶ್ಚರೈಸರ್ ಬೇಡ ಎನ್ನುವುದು ಸರಿಯಲ್ಲ, ಮದ್ದು ಹಚ್ಚುವವರಿಗಂತೂ ಬೇಕೇಬೇಕು. ಬೆಳಿಗ್ಗೆ ಎಸ್‌ಪಿಎಫ್ 30 ಅಥವಾ ಅದಕ್ಕೂ ಮೇಲಿನ ಸನ್‌ಸ್ಕ್ರೀನ್, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದಷ್ಟು ಪ್ರಮಾಣ ಮುಖ-ಕುತ್ತಿಗೆಗೆ. ಹಿಸುಕಿ ಆದ ಕಲೆಗಳು ಬಿಸಿಲಿಗೆ ಇನ್ನಷ್ಟು ಕಪ್ಪಾಗುವುದನ್ನು ತಡೆಯುವುದು ಇದೇ.

ಹೆಲ್ಮೆಟ್ಟಿನ ಪಟ್ಟಿ, ಮಾಸ್ಕ್, ಬೆನ್ನುಚೀಲ ಇವು ಒತ್ತಿ ಉಜ್ಜುವ ಜಾಗಗಳಲ್ಲೂ ಬಿರಡೆ ಹೆಚ್ಚು. ಒಳಪಟ್ಟಿ ತೊಳೆಯುವುದು, ಬೆವರಿದ ಬಟ್ಟೆಯನ್ನು ಬೇಗ ಬದಲಿಸುವುದು ಇದಕ್ಕೆ ಸಾಕು. ಲೇತ್ ಯಂತ್ರದ ಕಟಿಂಗ್ ಆಯಿಲ್, ಗ್ರೀಸು, ಡಾಂಬರಿನೊಡನೆ ಕೆಲಸ ಮಾಡುವವರಲ್ಲಿ ತೊಡೆ, ಮುಂಗೈಗಳಲ್ಲೂ ಬ್ಲ್ಯಾಕ್‌ಹೆಡ್ ಏಳುತ್ತವೆ. ಎಣ್ಣೆ ಹೀರಿದ ಬಟ್ಟೆ ಮೈಗೆ ಅಂಟಿಕೊಂಡಿರುವುದೇ ಕಾರಣ, ಆ ಬಟ್ಟೆಯನ್ನು ದಿನವೂ ಒಗೆಯದೆ ಮದ್ದು ಹಚ್ಚಿ ಲಾಭವಿಲ್ಲ. ಬೆಳ್ಳಗಾಗಲೆಂದು ಹಚ್ಚುವ ಸ್ಟೀರಾಯ್ಡ್ ಬೆರೆತ ಕ್ರೀಮುಗಳು ಮೊದಲು ಮುಖವನ್ನು ನುಣುಪಾಗಿಸಿ ಆಮೇಲೆ ಮೊಡವೆ-ಬಿರಡೆ ಎಬ್ಬಿಸುತ್ತವೆ. ಅಂಥದ್ದು ತಿಂಗಳುಗಟ್ಟಲೆ ಹಚ್ಚಿದ್ದರೆ ತಟ್ಟನೆ ನಿಲ್ಲಿಸಬೇಡಿ, ವೈದ್ಯರ ಬಳಿ ಹೋಗಿ ಹೇಳಿ ನಿಲ್ಲಿಸಿ.

ಎಷ್ಟು ದಿನ, ಯಾವಾಗ ವೈದ್ಯರು

12 ವಾರಕ್ಕೆ ಚುಕ್ಕೆಗಳು ಅರ್ಧಕ್ಕೆ ಇಳಿದಿದ್ದರೆ ದಾರಿ ಸರಿಯಿದೆ. ತಿಳಿಯಾದ ಮೇಲೆ ಪೂರ್ತಿ ನಿಲ್ಲಿಸಿದರೆ ಕುಳಿಗಳು ಹಳೆಯ ಚಾಳಿಗೆ ಮರಳುತ್ತವೆ, ವಾರಕ್ಕೆ ಎರಡು ಮೂರು ರಾತ್ರಿ ಅಡಾಪಲೀನ್ ಉಳಿಸಿಕೊಳ್ಳಿ. ಹಿಗ್ಗಿದ ರಂಧ್ರ ಮಾತ್ರ ಮೊದಲಿನಷ್ಟು ಕಿರಿದಾಗುವುದಿಲ್ಲ. ಮುಚ್ಚಿಸುತ್ತೇವೆ ಎನ್ನುವ ಟೋನರುಗಳು ಚರ್ಮವನ್ನು ಒಂದೆರಡು ಗಂಟೆ ಬಿಗಿಯಾಗಿಸುತ್ತವೆ ಅಷ್ಟೇ.

12 ವಾರ ಕಳೆದರೂ ಏನೂ ಬದಲಾಗದಿದ್ದರೆ, ನೋವಿನ ಗಡ್ಡೆಗಳು, ಗುಳಿ ಕಲೆಗಳು ಶುರುವಾದರೆ ಮನೆಯ ಪ್ರಯೋಗ ನಿಲ್ಲಿಸಿ ಚರ್ಮವೈದ್ಯರನ್ನು ಕಾಣಬೇಕು. ಹೆಂಗಸರಲ್ಲಿ ಮುಟ್ಟು ಏರುಪೇರಾಗಿ, ಗದ್ದದಲ್ಲಿ ದಪ್ಪ ಕೂದಲೂ ಬೆಳೆಯುತ್ತಿದ್ದರೆ ಹಾರ್ಮೋನ್ ಪರೀಕ್ಷೆ ಬೇಕು. ಒಂದರಿಂದ ಏಳು ವರ್ಷದೊಳಗಿನ ಮಗುವಿನ ಮುಖದಲ್ಲಿ ಬ್ಲ್ಯಾಕ್‌ಹೆಡ್ ಕಂಡರೆ ಮನೆಮದ್ದಿಗೆ ಕೈ ಹಾಕದೆ ನೇರ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ, ಆ ವಯಸ್ಸಿನಲ್ಲಿ ಅದು ಸಹಜವಲ್ಲ. ವಯಸ್ಸಾದವರಲ್ಲಿ ಕಣ್ಣಿನ ಸುತ್ತ, ಕೆನ್ನೆಯ ಮೇಲ್ಭಾಗದಲ್ಲಿ ದೊಡ್ಡ ಬ್ಲ್ಯಾಕ್‌ಹೆಡ್‌ಗಳು ಗುಂಪಾಗಿದ್ದರೆ ಕಾರಣ ವರ್ಷಗಟ್ಟಲೆಯ ಬಿಸಿಲು, ಧೂಮಪಾನವಿದ್ದರೆ ಇನ್ನೂ ಹೆಚ್ಚು. ಇದಕ್ಕೆ ಟ್ರೆಟಿನೋಯಿನ್ ಮತ್ತು ವೈದ್ಯರೇ ಬಿರಡೆ ತೆಗೆಯುವುದು ಎರಡೂ ಬೇಕಾಗುತ್ತವೆ. ಬೆನ್ನಿನ ಮೇಲೆ ವರ್ಷಗಳಿಂದ ಇರುವ, ಎಷ್ಟು ತೆಗೆದರೂ ಮತ್ತೆ ತುಂಬುವ ಒಂದೇ ಒಂದು ದೊಡ್ಡ ಕಪ್ಪು ರಂಧ್ರ ಹಿಗ್ಗಿದ ಕುಳಿಯಾಗಿರುತ್ತದೆ. ನಿರುಪದ್ರವಿ, ಆದರೆ ಗೋಡೆಸಮೇತ ಕತ್ತರಿಸಿ ತೆಗೆದರೆ ಮಾತ್ರ ಹೋಗುತ್ತದೆ.

ಕೊನೆಯದು ಎಲ್ಲಕ್ಕಿಂತ ಗಂಭೀರ. ಕಂಕುಳು, ತೊಡೆಸಂದು, ಸ್ತನದ ಕೆಳಗೆ ಜೋಡಿಜೋಡಿಯಾಗಿ, ಅಕ್ಕಪಕ್ಕ ಎರಡು ಬಾಯಿಯ ಬ್ಲ್ಯಾಕ್‌ಹೆಡ್‌ಗಳಿದ್ದು, ಅದೇ ಜಾಗದಲ್ಲಿ ನೋವಿನ ಕುರುಗಳು ಮತ್ತೆ ಮತ್ತೆ ಏಳುತ್ತಿದ್ದರೆ ಅದು ಹೈಡ್ರಾಡೆನೈಟಿಸ್ ಸಪ್ಪುರೇಟಿವಾ ಎಂಬ ಬೇರೆಯೇ ಕಾಯಿಲೆ. ಜನ ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಡುತ್ತಾರೆ, ಅಷ್ಟರಲ್ಲಿ ಚರ್ಮದಡಿ ಸುರಂಗಗಳಾಗಿ ಗಟ್ಟಿ ಕಲೆ ಕಟ್ಟಿರುತ್ತದೆ. ಮೊದಲ ಎರಡು ಮೂರು ಕುರುಗಳಿಗೇ ತೋರಿಸಿದರೆ ಮಾತ್ರೆ-ಮುಲಾಮಿನಲ್ಲೇ ಹಿಡಿತಕ್ಕೆ ತರಲು ಅವಕಾಶ ಹೆಚ್ಚು. ತಡವಾದಷ್ಟೂ ಶಸ್ತ್ರಚಿಕಿತ್ಸೆಯ ಕಡೆಗೆ ವಾಲುತ್ತದೆ.